ಹದಿನೇಳನೇ ವಲಯದ ನದಿಗಳು

ಅಮೆರಿಕದ ಮೊಂಟಾನಾ, ಐಡಾಹೊ ರಾಜ್ಯಗಳಲ್ಲಿ ಹರಿಯುವ ಯಾಕ್ ಮತ್ತು ಮೋಯಿ, ಕೂಟ್ನಿಯ ಉಪನದಿಗಳು. 1970ರ ದಶಕದಲ್ಲಿ ಅಲ್ಲಿನ ಭೂವಿಜ್ಞಾನ ಸರ್ವೇಕ್ಷಣ ಸಂಸ್ಥೆ ಇಡೀ ದೇಶವನ್ನು ಜಲಾನಯನಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಎಂಟು ಅಂಕಿಯ ಸಂಕೇತ ಕೊಟ್ಟಿತು. ಮೊದಲ ಎರಡು ಅಂಕಿ ವಲಯದ್ದು. ವಾಯವ್ಯದ ಕೊಲಂಬಿಯಾ ಸೀಮೆಗೆ ಬಂದದ್ದು 17. ಹೀಗೆ ಯಾಕ್ 17010103 ಆಯಿತು, ಕೆಳ ಕೂಟ್ನಿ 17010104, ಮೋಯಿ 17010105.

ನಕ್ಷೆಯನ್ನು ಚೌಕಗಳಾಗಿ ಒಡೆದು ಒಂದೊಂದರಲ್ಲೂ ಒಂದು ಸಂಖ್ಯೆ ಇಡುವ ಕಡತವೇ ರಾಸ್ಟರ್; ಸಂಖ್ಯೆಯನ್ನು ಅಂಕಿಗಳು ಮತ್ತು ಘಾತವಾಗಿ ಬರೆಯುವ ಪದ್ಧತಿ ಫ್ಲೋಟಿಂಗ್ ಪಾಯಿಂಟ್. ಈ ಸಂಕೇತಗಳನ್ನು 32 ಬಿಟ್‌ಗಳ ಫ್ಲೋಟಿಂಗ್ ಪಾಯಿಂಟ್ ರಾಸ್ಟರ್‌ನಲ್ಲಿ ತುಂಬಿಟ್ಟರೆ ಮೂರೂ 17010104 ಆಗಿಬಿಡುತ್ತವೆ. ನಕ್ಷೆಯಲ್ಲಿ ಮೂರು ಜಲಾನಯನಗಳು ಸದ್ದಿಲ್ಲದೆ ಒಂದಾಗುತ್ತವೆ.

ಇದರ ಬೇರು ಬೇರೊಂದು ಚರಿತ್ರೆಯಲ್ಲಿ, ಗಣಕಯಂತ್ರಗಳ ಚರಿತ್ರೆಯಲ್ಲಿದೆ. ಕೊನ್ರಾಡ್ ಝೂಸ 1941ರಲ್ಲಿ ಬರ್ಲಿನ್‌ನಲ್ಲಿ ತೋರಿಸಿದ ಝಡ್3 ಯಂತ್ರದಲ್ಲೇ ಫ್ಲೋಟಿಂಗ್ ಪಾಯಿಂಟ್ ಲೆಕ್ಕವಿತ್ತು. ಆಮೇಲೆ ಬಂದ ಕಂಪನಿಗಳು ತಂತಮ್ಮ ಪದ್ಧತಿ ಹಿಡಿದವು. 1964ರ ಐಬಿಎಂ ಸಿಸ್ಟಮ್/360 ಹದಿನಾರರ ಆಧಾರದಲ್ಲಿ ಎಣಿಸುತ್ತಿತ್ತು. ಒಂದು ಯಂತ್ರದ ಉತ್ತರ ಇನ್ನೊಂದರಲ್ಲಿ ಬೇರೆಯಾಗುತ್ತಿತ್ತು. ಈ ಗೊಂದಲ ತೀರಿಸಲು ಬರ್ಕ್ಲಿಯ ಗಣಿತಜ್ಞ ವಿಲಿಯಂ ಕಹಾನ್ ಮುಂದೆ ನಿಂತು ದುಡಿದರು. ಅದರ ಫಲವೇ 1985ರ ಐಇಇಇ 754 ಮಾನದಂಡ. 1989ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು.

ಆ ಮಾನದಂಡದ 32 ಬಿಟ್‌ಗಳಲ್ಲಿ ಒಂದು ಚಿಹ್ನೆಗೆ, ಎಂಟು ಘಾತಕ್ಕೆ, 23 ಅಂಕಿಗಳಿಗೆ. ಬರೆಯದೆಯೇ ಇದೆಯೆಂದು ಹಿಡಿಯುವ ಒಂದು ಬಿಟ್ ಸೇರಿದರೆ 24. ಹಾಗಾಗಿ 1,67,77,216ರವರೆಗೆ ಪ್ರತಿಯೊಂದು ಪೂರ್ಣಾಂಕವೂ ನಿಖರ. ಅದರಾಚೆ ಸಮಸಂಖ್ಯೆಗಳಿಗೆ ಮಾತ್ರ ಜಾಗ; ಅದರ ಇಮ್ಮಡಿ ದಾಟಿದರೆ ನಾಲ್ಕರ ಗುಣಕಗಳಿಗಷ್ಟೇ. ಬೆಸಸಂಖ್ಯೆಗಳು ಪಕ್ಕದ ಮನೆಗೆ ಸರಿಯುತ್ತವೆ. ಹದಿನಾರನೇ ವಲಯದ ಸಂಕೇತಗಳು 1606ರಿಂದ ಶುರುವಾಗುವವುಗಳಲ್ಲೇ ಮುಗಿಯುವುದರಿಂದ ಅಲ್ಲಿಯವರೆಗೆ ಎಲ್ಲವೂ ಕ್ಷೇಮ. ಹದಿನೇಳರಿಂದ ತೊಂದರೆ.

ರಾಸ್ಟರ್‌ಗೆ ಮೊದಲು ಇಷ್ಟು ದೊಡ್ಡ ಸಂಖ್ಯೆಗಳೇ ಬೇಕಿರಲಿಲ್ಲ. 1972ರ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹದ ಬಹುವರ್ಣ ಸ್ಕ್ಯಾನರ್ ಒಂದೊಂದು ಚೌಕದ ಬೆಳಕನ್ನು ಆರು ಬಿಟ್‌ಗಳಲ್ಲಿ, ಎಂದರೆ 0ಯಿಂದ 63ರೊಳಗೆ ಅಳೆಯುತ್ತಿತ್ತು. ಎತ್ತರ, ಉಷ್ಣತೆ, ಮಳೆ ನಕ್ಷೆಗೆ ಬಂದಾಗ ದಶಮಾಂಶ ಬೇಕಾಯಿತು; 1992ರ ಟಿಫ್ 6.0 ಎಂಬ ಚಿತ್ರ-ಕಡತ ವಿನ್ಯಾಸ ಫ್ಲೋಟಿಂಗ್ ಪಾಯಿಂಟ್ ಮೌಲ್ಯಗಳಿಗೂ ಎಡೆ ಮಾಡಿಕೊಟ್ಟಿತು. ಅಳತೆಗೆ ಅದು ಹೇಳಿ ಮಾಡಿಸಿದ ಪಾತ್ರೆ. ಎತ್ತರದಲ್ಲಿ ಕೂದಲೆಳೆ ವ್ಯತ್ಯಾಸವಾದರೂ ಬೆಟ್ಟ ಬೆಟ್ಟವೇ. ಆದರೆ ಜಲಾನಯನದ ಸಂಕೇತ ಅಳತೆಯಲ್ಲ, ಹೆಸರು. ಅದರಲ್ಲಿ ಒಂದಂಕಿ ತಪ್ಪಿದರೂ ನದಿಯೇ ಬದಲಾಗುತ್ತದೆ.

ಪರಿಹಾರ ಕಷ್ಟದ್ದಲ್ಲ. 32 ಬಿಟ್ ಪೂರ್ಣಾಂಕ 2,14,74,83,647ರವರೆಗೆ ಒಂದನ್ನೂ ಬಿಡದೆ ಹಿಡಿಯುತ್ತದೆ. ಆಮೇಲೆ ಬಂದ ಹನ್ನೆರಡು ಅಂಕಿಯ ಉಪಜಲಾನಯನ ಸಂಕೇತಗಳಿಗೆ ಅದು ಸಾಲದು. 64 ಬಿಟ್ ಬೇಕು. ಫ್ರಾಂಕ್ ವಾರ್ಮರ್‌ಡಾಮ್ 1998ರಲ್ಲಿ ಆರಂಭಿಸಿದ, ಇಂದು ಅನೇಕ ನಕ್ಷಾ ತಂತ್ರಾಂಶಗಳು ನೆಚ್ಚಿಕೊಂಡಿರುವ ಜಿಡಾಲ್ ಗ್ರಂಥಾಲಯಕ್ಕೆ 64 ಬಿಟ್ ಪೂರ್ಣಾಂಕದ ರಾಸ್ಟರ್ ಬಂದದ್ದು 2022ರ 3.5ನೇ ಆವೃತ್ತಿಯಲ್ಲಿ. ಅದಕ್ಕೂ ಹಳೆಯ ದಾರಿ ಇನ್ನೊಂದಿದೆ: ಚೌಕಗಳಲ್ಲಿ 1, 2, 3 ಎಂಬ ಸಣ್ಣ ಕ್ರಮಸಂಖ್ಯೆ ಇಟ್ಟು, ಪೂರ್ತಿ ಸಂಕೇತವನ್ನು ಜೊತೆಗಿನ ಕೋಷ್ಟಕದಲ್ಲಿ ಅಕ್ಷರರೂಪದಲ್ಲಿ ಬರೆದಿಡುವುದು. ಒಂದರಿಂದ ಒಂಬತ್ತರವರೆಗಿನ ವಲಯಗಳ ಸಂಕೇತದ ಮೊದಲಿನ ಸೊನ್ನೆಯೂ ಆಗ ಉಳಿಯುತ್ತದೆ.