ಪಕ್ಕದ ಪೀಠದವರು

ಪಿ.ಯು.ಸಿ. ತರಗತಿಯಲ್ಲಿ ನನ್ನಿಂದ ಕನ್ನಡ ಪಾಠ ಹೇಳಿಸಿಕೊಂಡ ಹುಡುಗಿಯೊಬ್ಬಳು ಈಗ ಅಮೆರಿಕದ ಆಸ್ಪತ್ರೆಯೊಂದರಲ್ಲಿ ಆಕ್ಯುಪೇಷನಲ್ ಥೆರಪಿಯ ಕೆಲಸದಲ್ಲಿದ್ದಾಳೆ. ಆಕೆ ಇತ್ತೀಚೆಗೆ ಒಂದು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ‘ಸರ್ಟಿಫೈಡ್ ಡ್ರೈವರ್ ರಿಹ್ಯಾಬಿಲಿಟೇಷನ್ ಸ್ಪೆಷಲಿಸ್ಟ್’ ಎನಿಸಿಕೊಂಡಳು. “ಊರಿನಲ್ಲಿರುವ ಅಜ್ಜಿಗೆ ಇದನ್ನು ಕನ್ನಡದಲ್ಲಿ ಏನೆಂದು ಹೇಳಲಿ, ಮೇಷ್ಟ್ರೆ?” ಎಂದು ನನಗೆ ಬರೆದಳು.

ನಿಘಂಟಿನ ದಾರಿ ಹಿಡಿದರೆ ‘ಚಾಲಕ ಪುನರ್ವಸತಿ ತಜ್ಞೆ’ ಎಂದಾಗುತ್ತದೆ. ಆದರೆ ನಮ್ಮ ನಾಡಿನಲ್ಲಿ ಪುನರ್ವಸತಿ ಎಂಬ ಮಾತಿಗೆ ಹಿನ್ನೀರಿನ ವಾಸನೆ ಅಂಟಿಕೊಂಡಿದೆ. ಲಿಂಗನಮಕ್ಕಿಯಲ್ಲಿ, ಆಲಮಟ್ಟಿಯಲ್ಲಿ ಮನೆಮಠ ಮುಳುಗಿದವರಿಗೆ ಸರ್ಕಾರ ಕೊಡುತ್ತೇನೆಂದದ್ದು ಪುನರ್ವಸತಿ. ಮೊಮ್ಮಗಳು ಅಮೆರಿಕದ ಡ್ರೈವರುಗಳಿಗೆ ನಿವೇಶನ ಹಂಚುವ ಅಧಿಕಾರಿಯೆಂದೇ ಅಜ್ಜಿ ತಿಳಿದಾರು! ಮೂಲದ ಮಾತಿಗೆ ವಸತಿಯ ಸಂಬಂಧವೇ ಇಲ್ಲ. ಲ್ಯಾಟಿನ್ನಿನಲ್ಲಿ ಅದರ ಬೇರು ‘ತಕ್ಕವನು’ ಎಂಬ ಅರ್ಥದ್ದು. ಮತ್ತೆ ತಕ್ಕವನನ್ನಾಗಿ ಮಾಡುವುದು ಎಂದು ತಾತ್ಪರ್ಯ. ಯಾವುದಕ್ಕೆ ತಕ್ಕವನು? ಹಾಗೆಂದು ಹೇಳಬೇಕಾದವರು ಯಾರು? ಈ ಬಿರುದಿನ ಚರಿತ್ರೆಯನ್ನು ಹುಡುಕುತ್ತ ಹೋದಾಗ ನನಗೆ ಮತ್ತೆ ಮತ್ತೆ ಎದುರಾದದ್ದು ಎರಡನೆಯ ಪ್ರಶ್ನೆ.

ಕೆಲಸವೇನೆಂಬುದನ್ನು ಮೊದಲು ಹೇಳಬೇಕು. ಲಕ್ವ ಹೊಡೆದು ಬಲಗಾಲಿನ ಸ್ವಾಧೀನ ತಪ್ಪಿದವನು, ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದವಳು, ನೆನಪು ಮಾಸತೊಡಗಿದ ವೃದ್ಧರು, ಇಂಥವರು ಮತ್ತೆ ಕಾರು ನಡೆಸಬಹುದೆ ಎಂದು ಕೇಳಿಕೊಂಡು ಬರುತ್ತಾರೆ. ಮೊದಲು ಕೋಣೆಯೊಳಗಿನ ಪರೀಕ್ಷೆ: ಕಣ್ಣಿನ ದೃಷ್ಟಿ ಎಷ್ಟು, ಓರೆಯಲ್ಲಿ ಎಷ್ಟು ಕಾಣುತ್ತದೆ, ಕೈಯಲ್ಲಿ ಬಲವೆಷ್ಟು, ಒಂದು ಪೆಡಲಿನಿಂದ ಇನ್ನೊಂದಕ್ಕೆ ಕಾಲು ಹೋಗಲು ಎಷ್ಟು ಹೊತ್ತು ಹಿಡಿಯುತ್ತದೆ. ಕಾಗದದ ಮೇಲೆ ಚೆದುರಿದ ಅಂಕೆಗಳನ್ನೂ ಅಕ್ಷರಗಳನ್ನೂ ಒಂದು ಬಿಟ್ಟು ಒಂದರಂತೆ ಗೆರೆಯೆಳೆದು ಕೂಡಿಸುವ ಪರೀಕ್ಷೆಯೂ ಉಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದವರು ಬಳಸಿದ್ದು, ಇಂದಿಗೂ ಬಳಕೆಯಲ್ಲಿದೆ. ಇದಾದ ಮೇಲೆ ರಸ್ತೆ. ಪಕ್ಕದ ಪೀಠದ ಮುಂದೆಯೂ ಒಂದು ಬ್ರೇಕಿರುವ ಕಾರಿನಲ್ಲಿ ಪರೀಕ್ಷಕಿ ಕುಳಿತು ನೋಡುತ್ತಾಳೆ. ಕಾಲಿಲ್ಲದವರಿಗೆ ಕೈಸನ್ನೆ ಬೇಕು: ಮುಂದಕ್ಕೆ ದೂಡಿದರೆ ಬ್ರೇಕು, ಎಳೆದರೆ ವೇಗ. ಬಲಗಾಲು ಹೋದವರಿಗೆ ಆಕ್ಸಿಲರೇಟರನ್ನು ಎಡಕ್ಕೆ ತರಬೇಕು. ಒಂದೇ ಕೈಯಿದ್ದವರಿಗೆ ಸ್ಟಿಯರಿಂಗಿನ ಮೇಲೆ ಗುಬುಟು ಕೂರಿಸಬೇಕು. ಅದನ್ನು ಬಳಸುವುದನ್ನು ಕಲಿಸಿ, ಕೊನೆಗೆ ವರದಿ ಬರೆಯಬೇಕು. ಲೈಸೆನ್ಸು ಕೊಡುವುದೂ ಬಿಡುವುದೂ ಆಯಾ ರಾಜ್ಯ ಸರ್ಕಾರದ ಕೈಯಲ್ಲಿ. ಈಕೆಯದು ಸಲಹೆ ಮಾತ್ರ.

ಇದರಲ್ಲಿ ಎರಡು ಕಸುಬುಗಳು ಕೂಡಿವೆಯೆಂಬುದನ್ನು ವಾಚಕರು ಗಮನಿಸಿರಬೇಕು. ಒಂದು ಚಿಕಿತ್ಸೆಯದು. ೧೯೧೭ರಲ್ಲಿ ನ್ಯೂಯಾರ್ಕ್ ಪ್ರಾಂತದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಕೆಲವರು ಸೇರಿ ಆಕ್ಯುಪೇಷನಲ್ ಥೆರಪಿಯ ಸಂಘವನ್ನು ಕಟ್ಟಿದರು. ಅವರನ್ನು ಕರೆಸಿದ ಜಾರ್ಜ್ ಬಾರ್ಟನ್ ವೈದ್ಯನಲ್ಲ, ಕಟ್ಟಡಗಳ ಶಿಲ್ಪಿ; ಕ್ಷಯದಿಂದ ನವೆದು, ದೇಹದ ಎಡಭಾಗದ ಸ್ವಾಧೀನ ತಪ್ಪಿದ್ದವನು. ಆ ವಿದ್ಯೆ ೧೯೫೦ರಲ್ಲಿ ಕಮಲಾ ನಿಂಬ್ಕರ್ ಅವರ ಪ್ರಯತ್ನದಿಂದ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಗೆ ಬಂದಿತು. ನನ್ನ ವಿದ್ಯಾರ್ಥಿನಿ ಓದಿದ್ದೂ ಅದೇ ವಿದ್ಯೆಯನ್ನೇ. ಇನ್ನೊಂದು ಕಸುಬು ಮೇಷ್ಟ್ರದು. ಪೆನ್ಸಿಲ್ವೇನಿಯದ ಆಮಸ್ ನೇಹಾರ್ಟ್ ಎಂಬ ಅಧ್ಯಾಪಕರು ೧೯೩೦ರ ದಶಕದ ಮೊದಲ ಭಾಗದಲ್ಲಿ ತಮ್ಮ ಸ್ವಂತ ಕಾರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಚಾಲನೆಯ ಪಾಠ ಹೇಳತೊಡಗಿದರು. ಆಸ್ಪತ್ರೆಯವರಿಗೆ ರಸ್ತೆ ತಿಳಿಯದು, ರಸ್ತೆಯ ಮೇಷ್ಟ್ರಿಗೆ ರೋಗ ತಿಳಿಯದು. ಬಹುಕಾಲ ಈ ಇಬ್ಬರಿಗೂ ಪರಸ್ಪರ ಪರಿಚಯವೇ ಇರಲಿಲ್ಲವೆನ್ನಬೇಕು.

ಹಾಗಾದರೆ ಆ ದಿನಗಳಲ್ಲಿ ಕಾಲಿಲ್ಲದವರು ಕಾರು ನಡೆಸಲಿಲ್ಲವೆ? ನಡೆಸಿದರು. ಅವರಲ್ಲಿ ಬಹು ಪ್ರಸಿದ್ಧನಾದವನು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್. ೧೯೨೧ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಆತನ ಕಾಲುಗಳು ಹೋದವು. ಕೈಯಿಂದಲೇ ನಡೆಸುವಂತೆ ಅಳವಡಿಸಿದ ಫೋರ್ಡ್ ಕಾರುಗಳು ಆತನಲ್ಲಿದ್ದವು. ೧೯೩೯ರ ಜೂನಿನಲ್ಲಿ ಇಂಗ್ಲೆಂಡಿನ ದೊರೆ ಆರನೆಯ ಜಾರ್ಜ್ ಹೈಡ್ ಪಾರ್ಕಿನ ಮನೆಗೆ ಅತಿಥಿಯಾಗಿ ಬಂದಾಗ, ಅಧ್ಯಕ್ಷರು ರಾಜದಂಪತಿಗಳನ್ನು ಅಂಥದೊಂದು ಕಾರಿನಲ್ಲಿ ಕೂರಿಸಿಕೊಂಡು ತಾವೇ ಜೋರಾಗಿ ನಡೆಸಿದರಂತೆ. ಆ ಪಯಣ ರಾಣಿಗೆ ಬಹುಕಾಲ ನೆನಪಿನಲ್ಲಿ ಉಳಿಯಿತು. ಅದರಲ್ಲಿ ಭಯದ ಪಾಲೂ ಇದ್ದಿತು. ಅಧ್ಯಕ್ಷರಿಗೆ ‘ನೀವು ತಕ್ಕವರಲ್ಲ’ ಎಂದು ಹೇಳುವವರು ಯಾರು? ಪ್ರಶ್ನೆ ಸಾಮಾನ್ಯರ ಪಾಲಿಗೆ ಬಂದಾಗ ಮಾತ್ರ ಉತ್ತರ ಬೇಕಾಯಿತು.

ಯುದ್ಧ ಅದನ್ನು ಸಾಮಾನ್ಯರ ಪಾಲಿಗೆ ತಂದಿತು. ೧೯೩೯ರ ಕೊನೆಗೆ ಆಲ್ಡ್ಸ್‌ಮೊಬಿಲ್ ಕಾರುಗಳಲ್ಲಿ ತಾನಾಗಿಯೇ ಗೇರು ಬದಲಾಯಿಸುವ ಯಂತ್ರ ಬಂದಿತ್ತು. ಕ್ಲಚ್ಚು ಒತ್ತಬೇಕಾಗಿಲ್ಲವೆಂಬುದು ಉಳ್ಳವರಿಗೆ ಸುಖ, ಕಾಲು ಕಳೆದುಕೊಂಡವರಿಗೆ ಬಾಗಿಲು ತೆರೆದಂತೆ. ೧೯೪೬ರಲ್ಲಿ ಅಮೆರಿಕದ ಕಾಂಗ್ರೆಸ್ಸು, ಕಾಲು ಕಳೆದುಕೊಂಡ ಸೈನಿಕನೊಬ್ಬನಿಗೆ ಕಾರು ಕೊಳ್ಳಲು ೧,೬೦೦ ಡಾಲರುಗಳವರೆಗೆ ಕೊಡುವ ಕಾನೂನು ಮಾಡಿತು. ಸೈನಿಕರ ಕಾರಿನ ಕುರಿತ ಕಾನೂನಿನಲ್ಲಿ ಒಂದು ನಿಯಮವಿದೆ: ತನ್ನ ಕ್ಷೇಮಕ್ಕೂ ಇತರರ ಕ್ಷೇಮಕ್ಕೂ ಕುಂದು ಬಾರದಂತೆ ನಡೆಸಬಲ್ಲನೆಂಬುದು ಅಧಿಕಾರಿಗೆ ಮನವರಿಕೆಯಾಗಬೇಕು. ಮನವರಿಕೆ ಮಾಡಿಕೊಡುವವರು ಯಾರು? ಡಾಕ್ಟರು ಕಾರಿನಲ್ಲಿ ಕೂರುವುದಿಲ್ಲ. ಗುಮಾಸ್ತ ಕಾಲನ್ನು ಮುಟ್ಟಿ ನೋಡುವುದಿಲ್ಲ.

ಇಂಗ್ಲೆಂಡ್ ಬೇರೆ ದಾರಿ ಹಿಡಿಯಿತು, ಮತ್ತು ನನ್ನ ಮಟ್ಟಿಗೆ ಅದು ಇಡೀ ಚರಿತ್ರೆಯಲ್ಲಿ ಬೇಸರದ ಅಧ್ಯಾಯ. ಬರ್ಟ್ ಗ್ರೀವ್ಸ್ ಎಂಬಾತ ನಡೆಯಲಾರದ ತನ್ನ ದಾಯಾದಿ ಡೆರಿ ಪ್ರೆಸ್ಟನ್ ಕಾಬ್‌ನ ಗಾಲಿಕುರ್ಚಿಗೆ ಎಂಜಿನ್ನು ಕೂರಿಸಿದ. ಅದು ಪ್ರೀತಿಯ ಕೆಲಸ. ಮುಂದೆ ಅದೇ ಇನ್ವಾಕಾರ್ ಎಂಬ ಮೂರು ಚಕ್ರದ ವಾಹನವಾಗಿ ಸರ್ಕಾರದ ವತಿಯಿಂದ ಹಂಚಿಕೆಯಾಯಿತು. ತಿಳಿನೀಲಿ ಬಣ್ಣ, ಒಂದೇ ಆಸನ. ಹೆಂಡತಿಯನ್ನಾಗಲಿ ಮಗುವನ್ನಾಗಲಿ ಕರೆದೊಯ್ಯುವಂತಿಲ್ಲ. ದೂರದಿಂದಲೇ ಬಣ್ಣ ನೋಡಿ ಒಳಗಿರುವವನು ಎಂಥವನೆಂದು ಊರಿಗೆಲ್ಲ ತಿಳಿಯುತ್ತಿತ್ತು. ೧೯೭೭ರಲ್ಲಿ ಮೋಟಬಿಲಿಟಿ ಸಂಸ್ಥೆ ಹುಟ್ಟಿ, ಸರ್ಕಾರ ಕೊಡುವ ಭತ್ಯದಿಂದಲೇ ಎಲ್ಲರಂಥ ಕಾರನ್ನು ಬಾಡಿಗೆಗೆ ಪಡೆಯುವುದು ಸಾಧ್ಯವಾಯಿತು. ನೀಲಿ ಗಾಡಿಗಳನ್ನು ೨೦೦೩ರ ಮಾರ್ಚಿನಲ್ಲಿ ರಸ್ತೆಯಿಂದ ಪೂರ್ತಿ ತೆಗೆದರು. ಅಲ್ಲಿನ ಕಾನೂನು ಇಂಥ ಗಾಡಿಗಳನ್ನು ‘ಇನ್‌ವ್ಯಾಲಿಡ್ ಕ್ಯಾರೇಜ್’ ಎಂದು ಕರೆಯಿತು. ಈ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಲಿ.

ಅಮೆರಿಕದಲ್ಲಿ ನಡುವಿನ ಕಂದರ ತುಂಬಿದ್ದು ನಿಧಾನವಾಗಿ. ೧೯೭೪ರಲ್ಲಿ ಸೈನಿಕರ ಕಾನೂನು ತಿದ್ದುಪಡಿಯಾಗಿ, ಸೈನಿಕರ ಆಸ್ಪತ್ರೆಗಳಲ್ಲಿ ಚಾಲನೆಯ ವಿಶೇಷ ಪಾಠ ನಡೆಸಬೇಕೆಂದು ಗೊತ್ತಾಯಿತು. ಆಸ್ಪತ್ರೆಯ ಅಂಗಳಕ್ಕೆ ಮೇಷ್ಟ್ರ ಕಾರು ಬಂದಂತಾಯಿತು. ೧೯೭೭ರ ಏಪ್ರಿಲಿನಲ್ಲಿ, ಚಿಕ್ಕಂದಿನಲ್ಲೇ ಪೋಲಿಯೊ ಬಡಿದಿದ್ದ ಜುಡಿತ್ ಹ್ಯೂಮನ್ ಮೊದಲಾದವರು ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡದಲ್ಲಿ ಮೂರು ವಾರಕ್ಕೂ ಮೇಲ್ಪಟ್ಟು ಧರಣಿ ಕೂತು ತಮ್ಮ ಹಕ್ಕಿನ ನಿಯಮಗಳಿಗೆ ಸಹಿ ಹಾಕಿಸಿದರು. ಅದೇ ವರ್ಷ ಈ ಕಸುಬಿನವರು ‘ಅಂಗವಿಕಲರ ಚಾಲನಾ ಶಿಕ್ಷಕರ ಸಂಘ’ವೆಂಬ ಅರ್ಥದ ಹೆಸರಿನಿಂದ ಒಂದು ಸಂಘ ಕಟ್ಟಿದರು, ಚಿಕ್ಕದಾಗಿ ‘ಏಡೆಡ್’. ೧೯೯೫ರಲ್ಲಿ ಆ ಸಂಘ ಪ್ರಮಾಣಪತ್ರದ ಪರೀಕ್ಷೆಯನ್ನು ಆರಂಭಿಸಿತು. ಮುಂದೆ ಹೆಸರಿನಿಂದ ಅಂಗವಿಕಲರೂ ಹೋದರು, ಶಿಕ್ಷಕರೂ ಹೋದರು, ‘ತಜ್ಞರು’ ಬಂದರು. ಚಿಕ್ಕ ಹೆಸರು ಮಾತ್ರ ಹಾಗೆಯೇ ಉಳಿಯಿತು. ಶಿಕ್ಷಕ ತಜ್ಞನಾದದ್ದು ಬಡ್ತಿಯೋ ಹಿಂಬಡ್ತಿಯೋ, ಮೇಷ್ಟ್ರಾದ ನಾನು ತೀರ್ಪು ಕೊಡುವುದು ಸರಿಯಲ್ಲ.

ಒಂದು ಮಾತನ್ನು ಮೆಚ್ಚಿ ಹೇಳಬೇಕು. ಆ ಸಂಘದವರು ಬಾಗಿಲನ್ನು ಒಂದೇ ಕಸುಬಿನವರಿಗೆ ಮೀಸಲಿಡಲಿಲ್ಲ. ಚಿಕಿತ್ಸೆಯ ಪದವಿ ಪಡೆದವರು ಬರಬಹುದು, ಚಾಲನೆಯ ಶಿಕ್ಷಣದ ಕಡೆಯವರು ಬರಬಹುದು. ಬರಿಯ ಪದವಿ ಸಾಲದು, ಪಕ್ಕದ ಪೀಠದಲ್ಲಿ ಕೂತು ಸವೆಸಿದ ಕಾಲವೂ ಬೇಕು, ಆಮೇಲೆ ಪರೀಕ್ಷೆ. ಪ್ರಮಾಣಪತ್ರವನ್ನು ಮೂರು ವರ್ಷಕ್ಕೊಮ್ಮೆ ಹೊಸದು ಮಾಡಿಸಿಕೊಳ್ಳಬೇಕು. ನಮ್ಮ ಎಂ.ಎ. ಪದವಿಗೆ ಇಂಥ ಅವಧಿಯಿದ್ದಿದ್ದರೆ ಎಷ್ಟು ಮಂದಿ ಉಳಿಯುತ್ತಿದ್ದೆವೋ!

ಕಲಿಸುವುದು ಕಷ್ಟವಲ್ಲ, ‘ಬೇಡ’ ಎನ್ನುವುದು ಕಷ್ಟ ಎಂದು ನನ್ನ ವಿದ್ಯಾರ್ಥಿನಿ ಹೇಳುತ್ತಾಳೆ. ಆಕೆ ಇರುವ ಕಡೆ ಬಸ್ಸಿಲ್ಲ, ನಡೆದು ಹೋಗುವ ದೂರದಲ್ಲಿ ಅಂಗಡಿಯಿಲ್ಲ. ಐವತ್ತು ವರ್ಷ ಕಾರು ನಡೆಸಿದ ಮುದುಕನೊಬ್ಬ ಎಡಗಡೆಯಿಂದ ಬರುವ ವಾಹನವನ್ನು ಗಮನಿಸುವುದೇ ಇಲ್ಲ. ಆತ ಒರಟನಲ್ಲ, ಕುರುಡನೂ ಅಲ್ಲ. ಲಕ್ವದ ನಂತರ ಆತನ ಮಿದುಳಿಗೆ ಎಡಗಡೆಯೆಂಬುದು ಇಲ್ಲವಾಗಿದೆ. ಬ್ರೇಕು ಒತ್ತಿದವಳು ಆಕೆ, ವರದಿ ಬರೆಯಬೇಕಾದವಳೂ ಆಕೆ. ಬರೆದರೆ ಆತ ಮನೆಯಲ್ಲೇ ಬಂದಿ. ಬರೆಯದಿದ್ದರೆ ಶಾಲೆಯ ಮುಂದೆ ರಸ್ತೆ ದಾಟುವ ಮಗುವಿನ ಗತಿ? ಡಾಕ್ಟರು ಹಿಂದೆ ಬರೆಯುತ್ತಿದ್ದ ‘ಬೇಡ’ಕ್ಕೂ ಇದಕ್ಕೂ ಒಂದು ಅಂತರವುಂಟು. ಈಕೆ ಆತನ ಪಕ್ಕದಲ್ಲಿ ಕೂತು, ಆತ ನಡೆಸುವುದನ್ನು ಕಣ್ಣಾರೆ ಕಂಡು ಬರೆಯುತ್ತಾಳೆ.

ಇನ್ನು ನಮ್ಮಲ್ಲಿ. ಆ ‘ಇನ್‌ವ್ಯಾಲಿಡ್ ಕ್ಯಾರೇಜ್’ ಎಂಬ ಹೆಸರು ನಮ್ಮ ೧೯೮೮ರ ಮೋಟಾರು ವಾಹನ ಕಾಯಿದೆಯಲ್ಲೂ ಇದ್ದಿತು. ಬರಿದೆ ಮಾರ್ಪಡಿಸಿದ್ದಲ್ಲ, ವಿಶೇಷವಾಗಿಯೇ ರಚಿಸಿದ ವಾಹನವಾಗಿರಬೇಕೆಂದು ಅದರ ಲಕ್ಷಣ. ಪೇಟೆಯಲ್ಲಿ ಸಿಗುವ ಕಾರಿಗೆ ಕೈಸನ್ನೆ ಕೂರಿಸಿದರೆ ಅದು ಆ ಲಕ್ಷಣಕ್ಕೆ ಹೊಂದದು. ೨೦೧೯ರ ತಿದ್ದುಪಡಿಯಲ್ಲಿ ಆ ಹೆಸರು ಹೋಗಿ ‘ಅಡಾಪ್ಟೆಡ್ ವೆಹಿಕಲ್’ ಬಂದಿತು. ಮಾರ್ಪಡಿಸಿದ ವಾಹನವೂ ಅದರಲ್ಲಿ ಸೇರಿತು. ಮಾತು ನೆಟ್ಟಗಾಯಿತು. ಆದರೆ ವೈದ್ಯರು ತಮ್ಮ ಕೋಣೆಯಲ್ಲಿ ಕೂತು ಒಂದು-ಎ ನಮೂನೆಗೆ ಸಹಿ ಹಾಕುತ್ತಾರೆ, ಇನ್‌ಸ್ಪೆಕ್ಟರು ಮೈದಾನದಲ್ಲಿ ನಿಂತು ವಾಹನ ತಿರುಗಿಸುವುದನ್ನು ನೋಡುತ್ತಾರೆ. ಇವರನ್ನು ಅವರು ಕಾಣರು, ಅವರನ್ನು ಇವರು ಕಾಣರು.

ನಡುವೆ ಇರುವವನು ಗ್ಯಾರೇಜಿನ ಮೇಸ್ತ್ರಿ. ನಮ್ಮ ಬೀದಿಯ ತುದಿಯಲ್ಲಿ ಒಬ್ಬನಿದ್ದಾನೆ. ಸ್ಕೂಟರಿನ ಹಿಂದೆ ಎರಡು ಪಕ್ಕಚಕ್ರ ಕೂರಿಸುವುದರಲ್ಲಿ ಕೈ ಪಳಗಿದವನು. ಊರುಗೋಲು ಹಿಡಿದವರು ಬಂದರೆ ಆತ ಮೊದಲು ಸ್ಟೂಲಿನ ಮೇಲೆ ಕೂರಿಸಿ, ಕಾಲನ್ನು ಎಷ್ಟು ಎತ್ತಬಲ್ಲರು ನೋಡುತ್ತಾನೆ. ಹ್ಯಾಂಡಲು ಹಿಡಿಸಿ ನೋಡುತ್ತಾನೆ. ಚಕ್ರ ಕೂರಿಸಿದ ಮೇಲೆ ಖಾಲಿ ಸೈಟಿನಲ್ಲಿ ಓಡಿಸಲು ಬಿಟ್ಟು, ಎಣ್ಣೆಗೈಯಲ್ಲಿ ಹಿಂದಿನ ಸೀಟನ್ನು ಹಿಡಿದುಕೊಂಡು ತಾನೂ ಜೊತೆಗೆ ಓಡುತ್ತಾನೆ. ಆತನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಯಾವ ಕೈಗೆ ಜೋರು ಹೆಚ್ಚು, ಅಣ್ಣ?”