ಬಾಕಿ ಸಂಬಳಕ್ಕೆ ಬಂದ ಊರು

ಪೋಲೆಂಡಿನ ಈಶಾನ್ಯ ಮೂಲೆಯಲ್ಲಿ, ಬೆಲಾರುಸ್ ಗಡಿಗೆ ತೀರ ಸಮೀಪದಲ್ಲಿ ಕ್ರುಶಿನ್ಯಾನಿ ಎಂಬ ಹಳ್ಳಿಯಿದೆ. ಸುತ್ತಲೂ ಕಾಡು, ತಗ್ಗು ದಿಬ್ಬಗಳು, ದೀರ್ಘವಾದ ಚಳಿಗಾಲ. ಹತ್ತಿರದ ದೊಡ್ಡ ನಗರವೆಂದರೆ ಬಿಯಾವಿಸ್ತೋಕ್. ಹಳ್ಳಿಯಲ್ಲಿ, ಮರಗಳ ನಡುವೆ, ಹಸಿರು ಬಣ್ಣ ಬಳಿದ ಮರದ ಕಟ್ಟಡವೊಂದಿದೆ. ಮುಂಭಾಗದ ಎರಡು ಚೌಕ ಗೋಪುರಗಳನ್ನು ಕಂಡವರು ಅದನ್ನು ಹಳ್ಳಿಯ ಚರ್ಚೆಂದೇ ಬಗೆದಾರು. ಆದರೆ ತುದಿಯಲ್ಲಿರುವುದು ಶಿಲುಬೆಯಲ್ಲ, ಅರ್ಧಚಂದ್ರ. ಅದು ತಾತಾರರ ಮಸೀದಿ.

ತಾತಾರರು ಈ ಊರಿಗೆ ಬಂದುದಕ್ಕೆ ಕಾರಣ ಬಾಕಿ ಸಂಬಳ. 14ನೆಯ ಶತಮಾನದಿಂದಲೇ ಲಿಥುವೇನಿಯದ ದೊರೆಗಳು ಅವರನ್ನು ಅಶ್ವಸೈನಿಕರನ್ನಾಗಿ ತಮ್ಮ ನಾಡಿನಲ್ಲಿ ನೆಲೆಗೊಳಿಸಿದ್ದರು. 17ನೆಯ ಶತಮಾನದ ಯುದ್ಧಗಳಲ್ಲಿ ಬೊಕ್ಕಸ ಬರಿದಾಗಿ ಸಂಬಳ ನಿಂತಿತು. ಹಳೆಯ ಹಕ್ಕುಗಳೂ ಮೊಟಕಾದವು. 1672ರಲ್ಲಿ ಹಲವು ತಾತಾರ ದಳಗಳು ಬಂಡೆದ್ದು ಒಟ್ಟೊಮನ್ನರ ಪಕ್ಷವನ್ನು ಸೇರಿದವು. ಅನೇಕರು ಮರಳಿ ಬಂದರಾದರೂ ಅವರಿಗೆ ಕೊಡಲು ಹಣವಿರಲಿಲ್ಲ. 1679ರಲ್ಲಿ ದೊರೆ ಮೂರನೆಯ ಯಾನ್ ಸೊಬಿಯೆಸ್ಕಿ ಹಣಕ್ಕೆ ಬದಲಾಗಿ ಅರಮನೆಯ ಜಮೀನನ್ನೇ ಕೊಟ್ಟನು. ಕ್ರುಶಿನ್ಯಾನಿ ಸಾಮುಯೆಲ್ ಮುರ್ಜಾ ಕ್ಷೆಚೋವ್ಸ್ಕಿ ಎಂಬ ದಳಪತಿಯ ಪಾಲಿಗೆ ಬಂದಿತು. ತುಟ್ಟಿಭತ್ಯೆಯ ಬಾಕಿಗಾಗಿ ಕಾಯುವ ನಮ್ಮಂಥ ನೌಕರರು ಈ ಸಂಗತಿಯನ್ನು ಮುಗುಳ್ನಗದೆ ಓದಲಾರೆವು. ಅದಾದ ನಾಲ್ಕೇ ವರ್ಷಗಳಲ್ಲಿ, ವಿಯೆನ್ನಾದ ಕಾಳಗದಲ್ಲಿ, ತಾತಾರರು ಒಟ್ಟೊಮನ್ ಸೇನೆಯ ವಿರುದ್ಧ ಸೊಬಿಯೆಸ್ಕಿಯ ಪರವಾಗಿ ಕಾದಿದರು.

ಹೊರನಾಡಿನಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿರುವ ನಮ್ಮನ್ನು ಹೆಚ್ಚು ಕಾಡುವುದು ಬೇರೊಂದು ಸಂಗತಿ. ಕ್ರುಶಿನ್ಯಾನಿಗೆ ಬರುವ ಮೊದಲೇ ಇವರು ತಮ್ಮ ತಾಯ್ನುಡಿಯನ್ನು ಕಳೆದುಕೊಂಡಿದ್ದರು. ಯಾರೂ ಅದನ್ನು ಬಲಾತ್ಕಾರದಿಂದ ಕಸಿದುಕೊಂಡಂತೆ ತೋರದು. ಸೈನಿಕರು ಸ್ಥಳೀಯ ಹೆಣ್ಣುಗಳನ್ನು ಮದುವೆಯಾದರು. ತೊಟ್ಟಿಲ ಭಾಷೆ ಬೆಲಾರುಸಿಯನ್, ಪೋಲಿಷ್ ಆಯಿತು. ಆದರೆ ಧರ್ಮ ಉಳಿಯಿತು. ಹೆಸರೂ ಅರ್ಧ ಉಳಿಯಿತು: ಅಹ್ಮದನ ವಂಶದವನು ಸ್ಲಾವ್ ಪ್ರತ್ಯಯ ಸೇರಿ 'ಅಖ್ಮತೋವಿಚ್' ಆದನು. ಲಿಪಿಯದೇ ವಿಚಿತ್ರ. 'ಕಿತಾಬ್' ಎಂದು ಕರೆಯುವ ತಮ್ಮ ಕೈಬರಹದ ಧರ್ಮಗ್ರಂಥಗಳಲ್ಲಿ ಅವರು ಆ ಸ್ಲಾವ್ ನುಡಿಗಳನ್ನೇ ಅರಬ್ಬೀ ಅಕ್ಷರಗಳಲ್ಲಿ, ಬಲದಿಂದ ಎಡಕ್ಕೆ ಬರೆದರು. ತಮಿಳನ್ನು ಅರಬ್ಬೀ ಲಿಪಿಯಲ್ಲಿ ಬರೆಯುವ 'ಅರ್ವಿ'ಯನ್ನು ಚೆನ್ನೈಯ ಓದುಗರು ಬಲ್ಲರು. ಅಕ್ಷರಗಳನ್ನು ಇಷ್ಟು ಜತನದಿಂದ ಕಾಯ್ದವರು ಮಾತನ್ನೇಕೆ ಬಿಟ್ಟುಕೊಟ್ಟರು? ಅಕ್ಷರಗಳಿಗೆ ಪ್ರಾರ್ಥನೆಯ ಆಸರೆಯಿತ್ತು, ಅಡುಗೆಮನೆಯ ಮಾತಿಗೆ ಅದಿರಲಿಲ್ಲ ಎಂದು ನಾವು ಊಹಿಸುತ್ತೇವೆ.

2012ರಲ್ಲಿ ಪೋಲೆಂಡ್ ಈ ಮಸೀದಿಯನ್ನೂ ಸ್ಮಶಾನವನ್ನೂ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಿತು. ಎರಡೇ ವರ್ಷಗಳಲ್ಲಿ ಯಾರೋ ಕಿಡಿಗೇಡಿಗಳು ಮಸೀದಿಯ ಗೋಡೆಯ ಮೇಲೆ ಹಂದಿಯ ಚಿತ್ರ ಗೀಚಿ, ಗೋರಿಗಳನ್ನೂ ಕೆಡಿಸಿದರು. ಈಗ ಊರಿನಲ್ಲಿ ಬೆರಳೆಣಿಕೆಯ ತಾತಾರ ಕುಟುಂಬಗಳಿವೆ. ಮಸೀದಿಯ ಹಿಂದಿನ ಗುಡ್ಡದ ಮೇಲೆ, ಪೈನ್ ಮರಗಳ ಕೆಳಗೆ, ಹಳೆಯ ಗೋರಿಕಲ್ಲುಗಳು ನಿಂತಿವೆ. ಕೆಲವು ಅರಬ್ಬಿಯಲ್ಲಿ, ಕೆಲವು ರಷ್ಯನ್ನಿನಲ್ಲಿ, ಕೆಲವು ಪೋಲಿಷಿನಲ್ಲಿ.