ಕಿಂಕಾಕುಜಿಯಿಂದ ಸಂತೇಬೆನ್ನೂರಿಗೆ

ಕ್ಯೋಟೋದ ಕಿಂಕಾಕುಜಿ ಎದುರು ನಿಂತಾಗ ನನ್ನ ಬಾಯಿಂದ ಬಂದದ್ದು, ‘ನಮ್ಮ ಸಂತೇಬೆನ್ನೂರಿನ ಹೊಂಡದ ಹಾಗೇ ಐತಲ್ಲ!’ ಮಗಳು ನಕ್ಕಳು. ಚನ್ನಗಿರಿ ಸೀಮೆಯವರಿಗೆ ನೀರಿನಲ್ಲಿ ನೆರಳು ಬೀಳಿಸುವ ಮಂಟಪ ಹೊಸದೇನಲ್ಲ.

ಅಧಿಕಾರ ಬಿಟ್ಟ ಶೋಗನ್ ಅಶಿಕಾಗ ಯೋಶಿಮಿತ್ಸು 1397ರಲ್ಲಿ ತನ್ನ ವಾಸಕ್ಕೆಂದು ಮಾಡಿಕೊಂಡ ಜಾಗ ಅದು. ಚಿನ್ನದ ರೇಕು ಹೊದ್ದ ಆ ಮರದ ಕಟ್ಟಡಕ್ಕೆ 1950ರಲ್ಲಿ ಯುವ ಸನ್ಯಾಸಿಯೊಬ್ಬ ಬೆಂಕಿಯಿಟ್ಟ. ಪ್ರವಾಸಿಗರು ಇಂದು ನೋಡುವುದು 1955ರಲ್ಲಿ ಮತ್ತೆ ಕಟ್ಟಿದ್ದನ್ನು.

ನಮ್ಮದು ಕಲ್ಲಿನದು. 16ನೇ ಶತಮಾನದಲ್ಲಿ ಪಾಳೇಗಾರ ಕೆಂಗ ಹನುಮಪ್ಪ ನಾಯಕ ರಂಗನಾಥನ ಗುಡಿಯ ಮುಂದೆ ಈ ಪುಷ್ಕರಣಿ ಕಟ್ಟಿಸಿದ. ನಡುವೆ ವಸಂತ ಮಂಟಪ, ಸುತ್ತಲೂ ಪುಟ್ಟ ಮಂಟಪಗಳು, ನೀರಿಗಿಳಿಯುವ ಮೆಟ್ಟಿಲು. 17ನೇ ಶತಮಾನದಲ್ಲಿ ಬಿಜಾಪುರದ ರಣದುಲ್ಲಾ ಖಾನ್ ದಂಡೆತ್ತಿ ಬಂದ. ಗುಡಿ ಹೋಗಿ ಪ್ರಯಾಣಿಕರು ತಂಗುವ ಮುಸಾಫಿರ್ ಖಾನಾ ಎದ್ದಿತು. ಹೊಂಡವನ್ನು ಮಾತ್ರ ಯಾರೂ ಮುಚ್ಚಲಿಲ್ಲ.

ಜಪಾನಿನವರು ಸುಟ್ಟದ್ದನ್ನು ಹಳೆಯ ರೂಪದಲ್ಲೇ ಎಬ್ಬಿಸಿದರು. ಇಲ್ಲಿ ಗೆದ್ದವನ ಕಟ್ಟಡ, ಸೋತವನ ಕೊಳ ಎದುರುಬದುರು ಉಳಿದಿವೆ. ಹತ್ತಿರದ ಸೂಳೆಕೆರೆ ನೋಡಲು ಬರುವ ನೆಂಟರನ್ನು ನಾನು ಮೊದಲು ಈ ಮೆಟ್ಟಿಲ ಮೇಲೆ ಕೂರಿಸಿ, ಎರಡೂ ಕಡೆಯ ಕಥೆ ಹೇಳಿಯೇ ಮುಂದೆ ಕಳಿಸುತ್ತೇನೆ.